ಕೆಸರು, ಗಾಲಿ ಮತ್ತು ಚೈನು

ಗಟ್ಟಿ ನೆಲದ ಮೇಲೆ ಗಾಲಿಗೆ ಉರುಳುವುದೊಂದೇ ಕೆಲಸ. ಕೆಸರಿಗೆ ಇಳಿದ ಕೂಡಲೇ ಅದರ ಮೇಲೆ ಮೂರು ಕೆಲಸ ಒಟ್ಟಿಗೆ ಬೀಳುತ್ತವೆ: ಹೂತುಹೋಗದೆ ಮೇಲುಳಿಯಬೇಕು, ಜಾರದೆ ನೆಲವನ್ನು ಹಿಡಿಯಬೇಕು, ಮೆತ್ತಿಕೊಂಡ ಮಣ್ಣನ್ನು ಕೊಡವಿಕೊಳ್ಳಬೇಕು. ಮೂರರಲ್ಲಿ ಒಂದು ತಪ್ಪಿದರೂ ಗಾಡಿ ನಿಲ್ಲುತ್ತದೆ. ಎತ್ತಿನ ಬಂಡಿಯಿಂದ ಹಿಡಿದು ಭತ್ತ ಕೊಯ್ಯುವ ಚೈನ್ ಮಿಷಿನ್‌ವರೆಗೆ ಕೆಸರಿಗಾಗಿ ಹುಟ್ಟಿದ ಉಪಾಯಗಳೆಲ್ಲ ಒಂದೇ ಅನುಭವದಿಂದ ಬಂದವು. ಗಾಡಿಗೆ ಎಷ್ಟು ಬಲವಿದೆ ಎನ್ನುವುದಕ್ಕಿಂತ ನೆಲ ಎಷ್ಟು ತಾಳುತ್ತದೆ ಎನ್ನುವುದೇ ಕೆಸರಿನಲ್ಲಿ ಕೊನೆಯ ಮಾತು. ಇದನ್ನು ಮನುಷ್ಯ ಮೊದಲು ಕಲಿತದ್ದು ಹೊಲದಲ್ಲಿ, ಜವುಗಿನಲ್ಲಿ, ರಣರಂಗದಲ್ಲಿ ಹೂತುನಿಂತ ಗಾಡಿಗಳಿಂದ. ಲೆಕ್ಕ, ಸೂತ್ರಗಳು ಬಂದದ್ದು ಬಹಳ ಕಾಲದ ಮೇಲೆ.

ಮಣ್ಣಿನ ತಾಳಿಕೆಗೆ ಎರಡು ಮೂಲ. ಕಣಗಳು ಒಂದಕ್ಕೊಂದು ಒತ್ತಿ ಉಜ್ಜುವ ಘರ್ಷಣೆ ಒಂದು, ಕಣಗಳು ತಮ್ಮತಮ್ಮಲ್ಲಿ ಅಂಟಿಕೊಂಡಿರುವ ಬಿಗಿ ಇನ್ನೊಂದು. ಫ್ರಾನ್ಸಿನ ಎಂಜಿನಿಯರ್ ಕುಲಂಬ್ 1776ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಎರಡನ್ನೂ ಕೂಡಿಸಿಯೇ ಮಣ್ಣಿನ ಬಲವನ್ನು ಲೆಕ್ಕ ಹಾಕಿದ. ಒಣ ಮರಳಿನಲ್ಲಿ ಇರುವುದು ಬಹುಪಾಲು ಘರ್ಷಣೆ. ಮೇಲಿನ ಭಾರ ಹೆಚ್ಚಿದಷ್ಟೂ ಕಣಗಳು ಒತ್ತೊತ್ತಾಗಿ ಕೂರುತ್ತವೆ, ಗಾಲಿಗೆ ಹಿಡಿತವೂ ಹೆಚ್ಚುತ್ತದೆ. ನೀರುಂಡ ಜೇಡಿಮಣ್ಣಿನ ರೀತಿಯೇ ಬೇರೆ. ಅಲ್ಲಿ ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿರುತ್ತದೆ. ಗಾಲಿ ಹಾದುಹೋಗುವಷ್ಟು ಹೊತ್ತಿನಲ್ಲಿ ಆ ನೀರು ಹೊರಗೆ ಹರಿದುಹೋಗಲಾರದು. ಹಾಗಾಗಿ ಮೇಲೆ ಹೇರಿದ ಭಾರವನ್ನು ಕಣಗಳ ಬದಲು ನೀರೇ ಹೊತ್ತುಕೊಳ್ಳುತ್ತದೆ. ನೀರಿನಲ್ಲಿ ಘರ್ಷಣೆ ಹುಟ್ಟುವುದಿಲ್ಲ. ಉಳಿಯುವುದು ಅಂಟಿನ ಬಿಗಿಯೊಂದೇ, ಅದೂ ನೀರು ಹೆಚ್ಚಿದಂತೆ ಕುಗ್ಗುತ್ತ ಹೋಗುತ್ತದೆ.

ಇದರಿಂದ ಹೊರಡುವ ಫಲಿತಾಂಶ ಕೆಸರಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಹಸಿ ಜೇಡಿಯ ಮೇಲೆ ಗಾಡಿಗೆ ಭಾರ ಹೇರಿದರೆ ಹಿಡಿತ ಹೆಚ್ಚುವುದಿಲ್ಲ, ಹೂಳುವುದಷ್ಟೇ ಹೆಚ್ಚುತ್ತದೆ. ಅಲ್ಲಿ ಹಿಡಿತ ಸಿಗುವುದು ಗಾಲಿಯೋ ಚೈನು ಪಟ್ಟಿಯೋ ಎಷ್ಟು ಅಗಲದ ಮಣ್ಣನ್ನು ಅಪ್ಪಿಕೊಂಡಿದೆ ಎನ್ನುವುದರಿಂದ. ಮರಳಿನಲ್ಲಿ ಭಾರ ಉಪಕಾರಿ, ಜೇಡಿಯಲ್ಲಿ ಹರವು ಉಪಕಾರಿ. ಒಂದೇ ಟ್ರ್ಯಾಕ್ಟರ್ ಒಂದು ಹೊಲದಲ್ಲಿ ಸರಾಗವಾಗಿ ಎಳೆದು, ಮಗ್ಗುಲ ಹೊಲದಲ್ಲಿ ಅಚ್ಚಿನ ತನಕ ಹೂತುಹೋಗುವುದಕ್ಕೆ ಕಾರಣ ಇದೇ.

ಗಾಲಿ ಒಮ್ಮೆ ಹೂತರೆ ಕಷ್ಟ ತಾನಾಗಿ ಬೆಳೆಯುತ್ತದೆ. ತಾನೇ ತೋಡಿಕೊಂಡ ಕುಳಿಯಲ್ಲಿ ನಿಂತ ಗಾಲಿಯ ಮುಂದೆ ಸದಾ ಒಂದು ಮಣ್ಣಿನ ದಿಬ್ಬ ಇರುತ್ತದೆ. ನೆಲ ಎಷ್ಟೇ ಮಟ್ಟಸವಾಗಿದ್ದರೂ ಗಾಲಿ ಏರು ಹತ್ತುತ್ತಲೇ ಇರಬೇಕು, ಮುಂದಿನ ಮಣ್ಣನ್ನು ಅದುಮುತ್ತ ಪಕ್ಕಕ್ಕೆ ತಳ್ಳುತ್ತಲೇ ಇರಬೇಕು. ಎತ್ತಿನ ಇಲ್ಲವೇ ಎಂಜಿನ್ನಿನ ಶಕ್ತಿಯೆಲ್ಲ ಈ ಕೆಲಸಕ್ಕೇ ವ್ಯಯವಾಗುತ್ತದೆ. ಹಿಡಿತ ಸೋತು ಗಾಲಿ ನಿಂತಲ್ಲೇ ತಿರುಗತೊಡಗಿದರೆ ಕೆಳಗಿನ ಮಣ್ಣು ಕಲಸಿ ಇನ್ನಷ್ಟು ಮೆದುವಾಗುತ್ತದೆ. ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ಆಮೇಲೆ ಭಾರವನ್ನು ಹೊಟ್ಟೆಯೇ ಹೊತ್ತು, ಗಾಲಿಗಳು ಬರಿದೇ ತಿರುಗುತ್ತವೆ.

ಎತ್ತಿನ ಬಂಡಿಯ ಗಾಲಿ ಈ ಕಷ್ಟಕ್ಕೆ ಹುಡುಕಿಕೊಂಡ ಉತ್ತರ ಎತ್ತರ. ನಾಲ್ಕೈದು ಅಡಿ ಎತ್ತರದ ಮರದ ಗಾಲಿಗೆ ಹೊರಸುತ್ತಿನಲ್ಲಿ ತೊಡಿಸಿದ ಕಬ್ಬಿಣದ ಪಟ್ಟಿ ಎರಡು, ಎರಡೂವರೆ ಅಂಗುಲಕ್ಕಿಂತ ಅಗಲವಿರುತ್ತಿರಲಿಲ್ಲ. ಇಷ್ಟು ಸಣ್ಣ ಪಟ್ಟಿ ಮೆದುನೆಲದಲ್ಲಿ ಇಳಿಯುವುದು ಖಚಿತ. ಆದರೆ ಗಾಲಿ ದೊಡ್ಡದಾಗಿದ್ದರೆ ಅದೇ ಆಳದ ಕುಳಿಯಿಂದ ಮೇಲೇಳುವ ಏರು ಕಡಿದಾಗಿರುವುದಿಲ್ಲ, ಮಣ್ಣಿಗೆ ತಾಗುವ ಉದ್ದವೂ ಹೆಚ್ಚುತ್ತದೆ. ಅಚ್ಚು ಎತ್ತರದಲ್ಲಿರುವುದರಿಂದ ಹೊಟ್ಟೆ ತಾಗುವ ಭಯವೂ ಕಡಿಮೆ. ಬಂಡಿ ಹೂತಾಗ ಜನ ಮೂಕಿಯನ್ನು ಎಳೆಯುವುದರ ಜೊತೆಗೆ ಗಾಲಿಗೂ ಕೈಹಾಕುತ್ತಿದ್ದರು. ಅನುಭವಸ್ಥರು ಹಿಡಿಯುತ್ತಿದ್ದದ್ದು ಗಾಲಿಯ ಮೇಲ್ತುದಿಯನ್ನು. ನೆಲಕ್ಕೆ ತಾಗಿದ ಬಿಂದುವಿನಿಂದ ಅಚ್ಚು ಇರುವ ದೂರಕ್ಕಿಂತ ಮೇಲ್ತುದಿ ಇರುವ ದೂರ ಎರಡು ಪಟ್ಟು; ಅಲ್ಲಿ ಹಾಕಿದ ಬಲ ಅಚ್ಚಿನ ಬಳಿ ಹಾಕಿದ ಬಲದ ಎರಡರಷ್ಟು ಕೆಲಸ ಮಾಡುತ್ತದೆ. ಹೇರು ಇಳಿಸುವುದು, ಮತ್ತೊಂದು ಜೋಡಿ ಎತ್ತು ಕಟ್ಟುವುದು, ಗಾಲಿಯ ಮುಂದಿನ ಮಣ್ಣು ಬಗೆದು ಸೊಪ್ಪುಸದೆ, ಹುಲ್ಲು, ಕಲ್ಲು ತುಂಬುವುದು ಇವೆಲ್ಲ ಅದರ ಜೊತೆಯ ಕ್ರಮಗಳು.

ಬಯಲುಸೀಮೆಯ ಎರೆನೆಲದಲ್ಲಿ ಕಷ್ಟದ ಬಗೆ ಬೇರೆಯಾಗಿತ್ತು. ಧಾರವಾಡ, ಗದಗ, ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಕಪ್ಪು ಎರೆಮಣ್ಣಿನಲ್ಲಿ ನೀರು ಕುಡಿದು ಹಿಗ್ಗುವ, ಒಣಗಿ ಕುಗ್ಗುವ ಜಿಗುಟು ಜೇಡಿ ತುಂಬಿದೆ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಅದೇ ಹೊಲ ಮಳೆ ಬಿದ್ದ ಮೇಲೆ ಗಾಲಿಯನ್ನು ನುಂಗುವುದರ ಜೊತೆಗೆ ಅದಕ್ಕೆ ಮೆತ್ತಿಕೊಳ್ಳುತ್ತದೆ. ಒಂದು ಸುತ್ತಿಗೆ ಒಂದು ಪದರ, ಮತ್ತೊಂದು ಸುತ್ತಿಗೆ ಅದರ ಮೇಲೊಂದು. ಕೆಲವೇ ಮಾರು ದೂರದಲ್ಲಿ ಅರಗಳ ನಡುವಿನ ಜಾಗವೆಲ್ಲ ಮುಚ್ಚಿ, ಗಾಲಿ ಮಣ್ಣಿನ ಗಟ್ಟಿ ಬಿಲ್ಲೆಯಾಗಿ ಬಂಡಿಯ ಪಕ್ಕದ ಹಲಗೆಗೆ ಉಜ್ಜತೊಡಗುತ್ತದೆ. ಬಂಡಿ ನಿಲ್ಲಿಸಿ ಕೋಲಿನಿಂದ, ಕುಡುಗೋಲಿನಿಂದ ಕೆರೆದು ಮತ್ತೆ ಹೂಡುವುದು, ಸ್ವಲ್ಪ ಮುಂದೆ ಹೋಗಿ ಮತ್ತೆ ಕೆರೆಯುವುದು. ಎರೆಸೀಮೆಯ ಹಿರಿಯರಿಗೆಲ್ಲ ನೆನಪಿರುವ ಕಷ್ಟ ಇದು. ಅದಕ್ಕೇ ಗೊಬ್ಬರ ಹೇರುವ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ, ಮಳೆಯಾದ ಮೇಲೆ ನೆಲ ಆರುವ ತನಕ ಬಂಡಿಯನ್ನು ಹೊಲಕ್ಕಿಳಿಸದಿರುವ ಕ್ರಮ ಬೆಳೆಯಿತು. ಕೆಸರಿನ ಉಪಾಯಗಳಲ್ಲಿ ಈ ಕಾಯುವಿಕೆಯೇ ಎಲ್ಲಕ್ಕಿಂತ ಹಳೆಯದು ಮತ್ತು ಖರ್ಚಿಲ್ಲದ್ದು.

ಮಲೆನಾಡು, ಕೊಡಗುಗಳ ಕೆಸರು ಹೀಗಲ್ಲ. ಅಲ್ಲಿನ ಎಷ್ಟೋ ಮಣ್ಣಿನ ದಾರಿಗಳಲ್ಲಿ ಮೇಲೆ ಕೆಲವು ಅಂಗುಲ ಜಾರುವ ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಅಗಲದ ನುಣುಪು ಟೈರು ಇಂಥಲ್ಲಿ ಕೆಸರಿನ ಮೇಲೆ ತೇಲಿ ಜಾರುತ್ತದೆ. ಬೇಕಾದದ್ದು ಮೇಲಿನ ಪದರವನ್ನು ಕತ್ತರಿಸಿ ಕೆಳಗಿನ ಗಟ್ಟಿಯನ್ನು ಮುಟ್ಟುವ ಗಾಲಿ. ತೋಟದ ಜೀಪುಗಳ ಟೈರಿಗೆ ಮಳೆಗಾಲದಲ್ಲಿ ಕಬ್ಬಿಣದ ಚೈನು ಬಿಗಿಯುವುದು ಇದಕ್ಕೇ. ಟೈರಿಗೆ ಅಡ್ಡಡ್ಡ ಬರುವ ಕೊಂಡಿಗಳು ಕೆಸರನ್ನು ಸೀಳಿ, ಇಡೀ ಗಾಲಿಯ ಭಾರವನ್ನು ತಮ್ಮ ಸಣ್ಣ ತುದಿಗಳ ಮೇಲೆ ತಂದು, ಅಡಿಯ ಗಟ್ಟಿಗೆ ನಾಟುತ್ತವೆ. ಹಾಗಾಗಿ ಕೆಸರು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದಕ್ಕೆ ತಳ ಇದೆಯೇ ಎನ್ನುವುದು. ತಳವಿದ್ದರೆ ಅದನ್ನು ಮುಟ್ಟಬೇಕು, ತಳವಿಲ್ಲದಿದ್ದರೆ ಮೇಲೆಯೇ ಹರಡಿಕೊಂಡು ಸಾಗಬೇಕು. ಹಿಂದೆ ಹೋದ ಗಾಡಿಯ ಜಾಡಿನಲ್ಲೇ ಹೋಗಬೇಕೋ ಬೇಡವೋ ಎನ್ನುವುದನ್ನೂ ಇದೇ ತೀರ್ಮಾನಿಸುತ್ತದೆ. ಗಟ್ಟಿ ತಳವಿರುವ ಕಡೆ ಮೊದಲ ಗಾಡಿ ಕೆಸರನ್ನು ಸರಿಸಿ ಹಿಂದಿನವಕ್ಕೆ ದಾರಿ ಮಾಡಿಕೊಡುತ್ತದೆ. ಮೇಲೆ ಒಣ ಹಪ್ಪಳದಂಥ ಪದರವಿದ್ದು ಒಳಗೆ ಜವುಗಾಗಿರುವ ಕಡೆ ಮೊದಲ ಗಾಡಿ ಆ ಪದರವನ್ನು ಒಡೆದಿರುತ್ತದೆ. ಹಿಂದಿನ ಗಾಡಿ ಪಕ್ಕದ ಹೊಸ ನೆಲವನ್ನೇ ಹಿಡಿಯಬೇಕು.

ಗಾಳಿ ತುಂಬಿದ ಟೈರು ಬಂದ ಮೇಲೆ ನೆಲಕ್ಕೆ ಒತ್ತುವ ಜಾಗವನ್ನು ಬೇಕಾದಂತೆ ಹಿಗ್ಗಿಸುವುದು ಸಾಧ್ಯವಾಯಿತು. ಟೈರು ಮೆದುನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಕಾರಿನ 30 ಪೌಂಡ್ ಗಾಳಿ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ; ಹೇರು ಲಾರಿಯ 100 ಪೌಂಡ್ ಗಾಳಿ ಎಂದರೆ ಸುಮಾರು 7 ಕಿಲೋ. ಲಾರಿ ಕೆಸರಿನಲ್ಲಿ ಕಾರಿಗಿಂತ ಬೇಗ ಹೂಳುವುದಕ್ಕೆ ಅದರ ಒಟ್ಟು ಭಾರದಷ್ಟೇ ಈ ಬಿಗಿಗಾಳಿಯೂ ಕಾರಣ. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಟೈರು ಚಪ್ಪಟೆಯಾಗಿ, ಮುಖ್ಯವಾಗಿ ಉದ್ದಕ್ಕೆ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಕೆಸರು ದಾಟಿದ ಮೇಲೆ ಗಾಳಿಯನ್ನು ಮರಳಿ ತುಂಬಲೇಬೇಕು. ಇಲ್ಲವಾದರೆ ರಸ್ತೆಯ ವೇಗಕ್ಕೆ ಟೈರು ಕಾದು ಹಾಳಾಗುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳಬಹುದು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕ ಕಟ್ಟಿದ, ನೀರಿನಲ್ಲೂ ನೆಲದ ಮೇಲೂ ಓಡುತ್ತಿದ್ದ ‘ಡಕ್’ ಎಂಬ ಆರು ಗಾಲಿಯ ವಾಹನದಲ್ಲಿ ಚಾಲಕ ತನ್ನ ಸೀಟಿನಲ್ಲೇ ಕೂತು, ಓಡುವಾಗಲೇ, ಟೈರಿನ ಗಾಳಿಯನ್ನು ಏರಿಸಿ ಇಳಿಸಬಹುದಾಗಿತ್ತು. ಮುಂದೆ ಎಷ್ಟೋ ಸೇನಾ ಲಾರಿಗಳಿಗೆ ಈ ಸೌಕರ್ಯ ಬಂತು.

ಟ್ರ್ಯಾಕ್ಟರಿಗೆ ಮೊದಲಿದ್ದದ್ದು ಉಕ್ಕಿನ ಗಾಲಿ, ಅದರ ಸುತ್ತ ಗುದ್ದಲಿಯ ಬಾಯಂಥ ಹಲ್ಲುಗಳು. ಹೊಲವನ್ನು ಅವು ಚೆನ್ನಾಗಿಯೇ ಹಿಡಿಯುತ್ತಿದ್ದವು, ಆದರೆ ಉರುಳುವುದು ಭಾರ, ಓಡಿಸುವವನ ಮೈಯೆಲ್ಲ ನಡುಕ, ರಸ್ತೆಗೆ ಇಳಿಯುವಂತಿರಲಿಲ್ಲ. ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ 1932ರಲ್ಲಿ ತನ್ನ ‘ಯು’ ಮಾದರಿಯ ಟ್ರ್ಯಾಕ್ಟರಿಗೆ ಗಾಳಿಯ ಟೈರು ತೊಡಿಸಿ ಮಾರಾಟಕ್ಕಿಟ್ಟ ಮೇಲೆ ಉಕ್ಕಿನ ಗಾಲಿ ಬೇಗಬೇಗ ಹಿಂದೆ ಸರಿಯಿತು. ನಮ್ಮ ಕಡೆ ಎತ್ತಿನ ಗಾಡಿಗೂ ರಬ್ಬರ್ ಟೈರು ಬಂದು ‘ಡನ್ಲಪ್ ಗಾಡಿ’ ಎಂಬ ಹೆಸರೇ ನಿಂತಿತು. ಅದೇ ಜೋಡಿ ಎತ್ತು ಹೆಚ್ಚು ಹೇರು ಎಳೆಯುವಂತಾಯಿತು. ಮೆದುನೆಲದಲ್ಲಿ ಡನ್ಲಪ್ ಗಾಡಿ ಮರದ ಗಾಲಿಯಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಆದರೆ ಆಳದ ಕೆಸರಿಗೆ ಸಿಕ್ಕಿದರೆ ಅದರ ಗಿಡ್ಡ ಗಾಲಿ ಬೇಗ ಅಚ್ಚಿನ ತನಕ ಮುಳುಗುತ್ತಿತ್ತು.

ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಹತ್ತಿರದಿಂದ ನೋಡಿದರೆ ಕೆಸರಿನ ಪಾಠವೆಲ್ಲ ಅದರ ಮೈಮೇಲೆ ಕಾಣುತ್ತದೆ. ದಪ್ಪ ರಬ್ಬರ್ ಗಟ್ಟುಗಳು ಎರಡೂ ಅಂಚಿನಿಂದ ಓರೆಯಾಗಿ ನಡುವಿನ ಕಡೆಗೆ ಬರುತ್ತವೆ, ನಡುವೆ ಒಂದನ್ನೊಂದು ಕೂಡುವುದಿಲ್ಲ. ಗಟ್ಟು ಮಣ್ಣಿಗೆ ನಾಟಿ, ಎರಡು ಗಟ್ಟುಗಳ ನಡುವಿನ ಮಣ್ಣಿನ ಹೆಂಟೆಯನ್ನು ಹಿಂದಕ್ಕೆ ಒತ್ತುತ್ತದೆ. ಆ ಹೆಂಟೆ ಕತ್ತರಿಸಿಹೋಗದಿರುವ ತನಕ ಗಾಡಿಗೆ ಹಿಡಿತ. ಗಾಲಿ ತಿರುಗುವಾಗ ಮುಂದಿನ ಗಟ್ಟಿನ ನಡುತುದಿ ಮೊದಲು ನೆಲ ಮುಟ್ಟಿ, ಮಣ್ಣನ್ನು ಅಂಚಿನ ಕಡೆಗೆ ಹಿಂಡುತ್ತದೆ. ಸಂದು ಹೊರಗಡೆಗೆ ಅಗಲವಾಗುತ್ತ ಹೋಗುವುದರಿಂದ ಸಿಕ್ಕಿಕೊಂಡ ಮಣ್ಣು ಜಾರಿ ಬೀಳುತ್ತದೆ; ನೆಲಬಿಟ್ಟ ಟೈರು ಮತ್ತೆ ದುಂಡಾಗುವಾಗ ರಬ್ಬರು ಬಾಗಿ ಉಳಿದದ್ದನ್ನೂ ಉದುರಿಸುತ್ತದೆ. ಟೈರನ್ನು ತಿರುವುಮುರುವಾಗಿ ಹಾಕಿದರೆ ಅದೇ ಗಟ್ಟುಗಳು ಮಣ್ಣನ್ನು ನಡುವಿಗೆ ತುಂಬಿಕೊಳ್ಳುತ್ತವೆ. ಸಂದು ತುಂಬಿದ ಟೈರು ನುಣುಪು ಟೈರೇ. ಭತ್ತ, ಕಬ್ಬಿನ ಗದ್ದೆಗಳಿಗಾಗಿ ಗಟ್ಟುಗಳನ್ನು ಇನ್ನೂ ಎತ್ತರವಾಗಿ, ಇನ್ನೂ ದೂರದೂರವಾಗಿ ಎರೆದ ಟೈರುಗಳು ಬೇರೆಯೇ ಬರುತ್ತವೆ.

ಎಳೆಯಬೇಕಾದರೆ ಗಾಲಿ ಸ್ವಲ್ಪ ಜಾರಲೇಬೇಕು. ಮಣ್ಣಿನ ಹೆಂಟೆ ಒತ್ತಿಸಿಕೊಂಡಾಗ ಮಾತ್ರ ಎದುರು ಬಲ ಕೊಡುತ್ತದೆ, ಒತ್ತಲು ಕೊಂಚ ಹಿಂದೆ ಸರಿಯಬೇಕು. ಉಳುವ ಟ್ರ್ಯಾಕ್ಟರಿನಲ್ಲಿ ನೂರಕ್ಕೆ 10ರಿಂದ 15ರಷ್ಟು ಜಾರಿಕೆ ಹದವೆಂದು ಎಣಿಸುತ್ತಾರೆ. ಅದು ಮಿತಿಮೀರಿದರೆ ಗಾಲಿ ನೆಲವನ್ನು ತೋಡತೊಡಗುತ್ತದೆ. ಕೆಸರಿನಲ್ಲಿ ಪಳಗಿದ ಚಾಲಕ ಇಳಿಯುವ ಮೊದಲೇ ತಕ್ಕ ಗೇರಿಗೆ ಹಾಕಿ, ನಡುವೆ ನಿಲ್ಲಿಸದೆ, ಗೇರು ಬದಲಿಸದೆ, ಒಂದೇ ಸಮನೆ ದಾಟುವುದು ಇದನ್ನು ಬಲ್ಲುದರಿಂದಲೇ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಒಂದು ಗಾಲಿ ಹಿಡಿತ ಕಳೆದುಕೊಂಡರೆ ತಿರುಗುವ ವೇಗವೆಲ್ಲ ಅದಕ್ಕೇ ಹೋಗುತ್ತದೆ, ಗಟ್ಟಿ ನೆಲದಲ್ಲಿರುವ ಜೊತೆಗಾಲಿ ಸುಮ್ಮನೆ ನಿಂತಿರುತ್ತದೆ. ಟ್ರ್ಯಾಕ್ಟರಿನಲ್ಲಿ ಕಾಲಿನಿಂದ ಒತ್ತುವ ಡಿಫರೆನ್ಷಿಯಲ್ ಲಾಕ್ ಎರಡನ್ನೂ ಬೆಸೆದು ಒಟ್ಟಿಗೆ ತಿರುಗಿಸುತ್ತದೆ. ಗಾಲಿ ಆಳಕ್ಕೆ ಇಳಿಯುವ ಮೊದಲು ಒತ್ತಿದರಷ್ಟೇ ಇದರಿಂದ ಪ್ರಯೋಜನ.

ಗಾಲಿಯನ್ನು ಎಷ್ಟು ದೊಡ್ಡದು ಮಾಡಿದರೂ ಸಾಲದ ನೆಲಗಳಿವೆ. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಸುತ್ತಲಿನ ನದೀಮುಖದ ಹೊಲಗಳು ಅಂಥವು. ಕೊಳೆತ ಸಸ್ಯರಾಶಿ ಸೇರಿ ಆದ ಅಲ್ಲಿನ ಕಪ್ಪು ಜವುಗುಮಣ್ಣು ಬಹಳ ಫಲವತ್ತಾದದ್ದು, ಆದರೆ ಉಗಿ ಟ್ರ್ಯಾಕ್ಟರುಗಳ ಭಾರಕ್ಕೆ ನಿಲ್ಲುತ್ತಿರಲಿಲ್ಲ. ಬೆಂಜಮಿನ್ ಹೋಲ್ಟ್ ಅವರ ಕಾರ್ಖಾನೆ ಗಾಲಿಗಳನ್ನು ಅಗಲ ಮಾಡುತ್ತ ಹೋಗಿ, ಕೊನೆಗೆ ಒಟ್ಟು 46 ಅಡಿ ಅಗಲದ ಟ್ರ್ಯಾಕ್ಟರನ್ನೇ ಕಟ್ಟಿತು. ಅಷ್ಟು ಅಗಲದ ಯಂತ್ರವನ್ನು ತಿರುಗಿಸುವುದು, ಸಾಗಿಸುವುದು, ರಿಪೇರಿ ಮಾಡುವುದು ಎಲ್ಲವೂ ಕಷ್ಟ. 1904ರ ನವೆಂಬರ್ 24ರಂದು ಹೋಲ್ಟ್ ಒಂದು ಉಗಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ತೆಗೆದು, ಅವುಗಳ ಜಾಗದಲ್ಲಿ ಚೈನಿಗೆ ಮರದ ಹಲಗೆ ಜೋಡಿಸಿದ ಸುತ್ತುಪಟ್ಟಿಗಳನ್ನು ಹಾಕಿ ಓಡಿಸಿ ನೋಡಿದರು. ಯಂತ್ರ ಜವುಗಿನ ಮೇಲೆ ನಡೆಯಿತು. ಈ ವಿಚಾರ ಅವರೊಬ್ಬರದೇ ಆಗಿರಲಿಲ್ಲ. ಅಮೆರಿಕದ ಮೇಯ್ನ್ ಪ್ರಾಂತ್ಯದಲ್ಲಿ ಆಲ್ವಿನ್ ಲೊಂಬಾರ್ಡ್ ಹಿಮದ ಮೇಲೆ ಮರದ ದಿಮ್ಮಿ ಎಳೆಯುವ ಪಟ್ಟಿ ಎಂಜಿನ್ನಿಗೆ 1901ರಲ್ಲೇ ಪೇಟೆಂಟ್ ಪಡೆದಿದ್ದರು. ಇಂಗ್ಲೆಂಡಿನ ಹಾರ್ನ್ಸ್‌ಬಿ ಕಂಪನಿಯಲ್ಲಿ ಡೇವಿಡ್ ರಾಬರ್ಟ್ಸ್ ಬೇರೊಂದು ಬಗೆಯ ಚೈನು ಪಟ್ಟಿಯನ್ನು ರೂಪಿಸಿದ್ದರು. ಹೋಲ್ಟ್ ಯಂತ್ರದ ‘ಕ್ಯಾಟರ್‌ಪಿಲ್ಲರ್’ ಹೆಸರು 1910ರಲ್ಲಿ ನೋಂದಣಿಯಾಯಿತು. 1925ರಲ್ಲಿ ಹೋಲ್ಟ್ ಕಂಪನಿ ತನ್ನ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯೊಡನೆ ಕೂಡಿ ಅದೇ ಹೆಸರಿನ ಕಂಪನಿಯಾಯಿತು.

ಚೈನು ಪಟ್ಟಿಯ ಕೆಲಸ ಸರಳ. ಯಂತ್ರ ತನ್ನ ದಾರಿಯನ್ನು ತಾನೇ ಮುಂದೆ ಹಾಸಿ, ಅದರ ಮೇಲೆ ತನ್ನ ಗಾಲಿಗಳನ್ನು ಉರುಳಿಸಿ, ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದಕ್ಕೆ ತರುತ್ತದೆ. ಒಂದು ತುದಿಯ ಹಲ್ಲುಗಾಲಿ ಪಟ್ಟಿಯನ್ನು ಎಳೆಯುತ್ತದೆ, ಇನ್ನೊಂದು ತುದಿಯ ಗಾಲಿ ಅದನ್ನು ಬಿಗಿಯಾಗಿಡುತ್ತದೆ, ನಡುವಿನ ಸಣ್ಣ ಗಾಲಿಗಳು ಯಂತ್ರದ ಭಾರವನ್ನು ಪಟ್ಟಿಗೆ ದಾಟಿಸುತ್ತವೆ. ಸೋವಿಯತ್ ಟಿ-34 ಟ್ಯಾಂಕಿನ ಮೊದಲ ಮಾದರಿಗಳ ಭಾರ ಸುಮಾರು 26 ಟನ್. 55 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು ತಲಾ ಸುಮಾರು 3.7 ಮೀಟರ್ ಉದ್ದಕ್ಕೆ ನೆಲ ಮುಟ್ಟುತ್ತಿದ್ದವು ಎಂದಾದರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ಮುಕ್ಕಾಲು ಕಿಲೋಗಿಂತ ಕಡಿಮೆ. 26 ಟನ್ ಉಕ್ಕು ಕಾರಿನ ಟೈರಿಗಿಂತ ಹಗುರವಾಗಿ ನೆಲದ ಮೇಲೆ ನಿಲ್ಲುತ್ತಿತ್ತು. ಇದು ಸರಾಸರಿ ಲೆಕ್ಕ. ನಿಜವಾಗಿ ಭಾರವೆಲ್ಲ ಗಾಲಿಗಳ ನೇರ ಕೆಳಗೆ ಹೆಚ್ಚಾಗಿ, ಗಾಲಿಗಳ ನಡುವೆ ಕಡಿಮೆಯಾಗಿ ಬೀಳುತ್ತದೆ. ಬ್ರಿಟನ್ನಿನ ರೋಲ್ಯಾಂಡ್ 1972ರಲ್ಲಿ ಸರಾಸರಿಯ ಬದಲು ಗಾಲಿಗಳ ಕೆಳಗಿನ ಈ ಹೆಚ್ಚಿನ ಒತ್ತಡಗಳನ್ನೇ ಎಣಿಸುವ ಅಳತೆಯನ್ನು ಮುಂದಿಟ್ಟರು. ದೊಡ್ಡ ಗಾಲಿಗಳು ಹತ್ತಿರಹತ್ತಿರ ಇದ್ದಷ್ಟೂ ಪಟ್ಟಿ ನೆಲವನ್ನು ಸಮನಾಗಿ ಒತ್ತುತ್ತದೆ.

ಪಟ್ಟಿಗೂ ತನ್ನದೇ ಕಷ್ಟಗಳಿವೆ. ತಿರುಗಬೇಕಾದರೆ ಒಂದು ಕಡೆಯ ಪಟ್ಟಿಯನ್ನು ನಿಧಾನಿಸಿ, ಉದ್ದನೆಯ ಎರಡು ಪಟ್ಟಿಗಳನ್ನೂ ಮಣ್ಣಿನಲ್ಲಿ ಅಡ್ಡಡ್ಡ ತಿರುಚಬೇಕು. ಕೆಸರಿನಲ್ಲಿ ಇದಕ್ಕೆ ಬೇಕಾಗುವ ಬಲ ನೇರ ಹೋಗುವುದಕ್ಕಿಂತ ಎಷ್ಟೋ ಹೆಚ್ಚು. ಮೇಲಿನ ಗಟ್ಟಿ ಪದರವೂ ಆ ತಿರುವಿನಲ್ಲೇ ಕಿತ್ತುಬರುತ್ತದೆ. ಹಾಗಾಗಿ ಚೈನ್ ಯಂತ್ರವನ್ನು ಕೆಸರಿನಲ್ಲಿ ತಟ್ಟನೆ ತಿರುಗಿಸದೆ ದೊಡ್ಡ ಸುತ್ತಿನಲ್ಲಿ ಸಾವಕಾಶವಾಗಿ ತಿರುಗಿಸುತ್ತಾರೆ. ಹಲ್ಲುಗಾಲಿಯ ಹಲ್ಲುಗಳ ನಡುವೆ ಮಣ್ಣು ಗಿಡಿದುಕೊಂಡರೆ ಚೈನು ಅತಿಯಾಗಿ ಬಿಗಿದು ಪಿನ್ನುಗಳು ಸವೆಯುತ್ತವೆ, ಇಲ್ಲವೇ ಚೈನು ಗಾಲಿಯಿಂದ ಹಾರಿಹೋಗುತ್ತದೆ. ಪಟ್ಟಿಯ ತಗಡುಗಳಲ್ಲಿ ಮಣ್ಣು ಹೊರಬೀಳಲು ತೂತುಗಳನ್ನಿಡುವುದು, ಕೆರೆಯುವ ಬ್ಲೇಡುಗಳನ್ನು ಕೂರಿಸುವುದು, ದಿನದ ಕೆಲಸ ಮುಗಿದ ಮೇಲೆ ಸನಿಕೆ ಹಿಡಿದು ಮಣ್ಣು ತೆಗೆಯುವುದು ಇವೆಲ್ಲ ಇದಕ್ಕೆ ಕಂಡುಕೊಂಡ ಪರಿಹಾರಗಳು.

ಪಟ್ಟಿಯ ಶಕ್ತಿ ಮತ್ತು ಮಿತಿ ಎರಡನ್ನೂ ಜಗತ್ತು ಕಂಡದ್ದು ಮೊದಲ ಮಹಾಯುದ್ಧದಲ್ಲಿ. ಹೋಲ್ಟ್ ಟ್ರ್ಯಾಕ್ಟರುಗಳು ಬ್ರಿಟಿಷ್ ಸೇನೆಯ ಭಾರಿ ಫಿರಂಗಿಗಳನ್ನು ಎಳೆದವು. ಲಿಂಕನ್ ಪಟ್ಟಣದಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ರೂಪಿಸಿದ ಟ್ಯಾಂಕು 1916ರ ಸೆಪ್ಟೆಂಬರ್ 15ರಂದು ಸೋಮ್ ರಣರಂಗಕ್ಕೆ ಇಳಿಯಿತು. 28 ಟನ್ನಿನ ಆ ಯಂತ್ರದ ಪಟ್ಟಿ ಇಡೀ ಮೈಯನ್ನು ಸುತ್ತಿ ಬರುತ್ತಿತ್ತು. ತಳ ಕೊಂಚ ಬಾಗಿದ್ದರಿಂದ ಗಟ್ಟಿ ನೆಲದಲ್ಲಿ ಪಟ್ಟಿಯ ಸ್ವಲ್ಪ ಭಾಗ ಮಾತ್ರ ತಾಗಿ ತಿರುಗುವುದು ಸುಲಭವಾಗುತ್ತಿತ್ತು. ಹೂತಂತೆಲ್ಲ ಹೆಚ್ಚುಹೆಚ್ಚು ಭಾಗ ಮಣ್ಣನ್ನು ಅಪ್ಪುತ್ತಿತ್ತು. 1917ರ ಬೇಸಿಗೆಯಲ್ಲಿ ಬೆಲ್ಜಿಯಂನ ಈಪ್ರ ಪಟ್ಟಣದ ಮುಂದಿನ ಜೇಡಿ ಬಯಲಿನಲ್ಲಿ ಇದಾವುದೂ ಸಾಲದಾಯಿತು. ಅಂತರ್ಜಲ ಮೇಲೆಯೇ ಇದ್ದ ಆ ತಗ್ಗು ಪ್ರದೇಶವನ್ನು ರೈತರು ಕಾಲುವೆಗಳಿಂದ ಬಸಿದು ಉಳುತ್ತಿದ್ದರು. ದಾಳಿಗೆ ಮುಂಚಿನ ಫಿರಂಗಿ ಗುಂಡಿನ ಮಳೆ ಆ ಬಸಿಗಾಲುವೆಗಳನ್ನೆಲ್ಲ ಒಡೆಯಿತು, ಆಗಸ್ಟಿನಲ್ಲಿ ಜಡಿಮಳೆಯೂ ಹಿಡಿಯಿತು. ನೀರು ತುಂಬಿದ ಗುಂಡಿಗಳ ನಡುವೆ ಟ್ಯಾಂಕುಗಳು ಸಾಲಾಗಿ ಹೂತವು. ಅದೇ ವರ್ಷದ ನವೆಂಬರ್ 20ರಂದು ಕಾಂಬ್ರೆಯಲ್ಲಿ, ಸುಣ್ಣಕಲ್ಲಿನ ಗಟ್ಟಿ ನೆಲದ ಮೇಲೆ, ಮುಂಚಿತವಾಗಿ ದೀರ್ಘಕಾಲ ಫಿರಂಗಿ ಗುಂಡು ಸುರಿಸದೆ ನಡೆದ ದಾಳಿಯಲ್ಲಿ ಅವೇ ಟ್ಯಾಂಕುಗಳು ಮುಳ್ಳುತಂತಿಯ ಸಾಲುಗಳನ್ನು ದಾಟಿ ಮುನ್ನುಗ್ಗಿದವು. ಯಂತ್ರ ಬದಲಾಗಿರಲಿಲ್ಲ, ನೆಲ ಬದಲಾಗಿತ್ತು.

ಆ ಕಾಲದ ಮಾರ್ಕ್ 4 ಟ್ಯಾಂಕಿನ ನೆತ್ತಿಯ ಮೇಲೆ ಒಂದು ಭಾರದ ಮರದ ತೊಲೆ ಇರುತ್ತಿತ್ತು. ಟ್ಯಾಂಕು ಹೂತಾಗ ಒಳಗಿನವರು ಹೊರಗೆ ಬಂದು, ಎಷ್ಟೋ ಸಲ ಗುಂಡಿನ ನಡುವೆಯೇ, ಆ ತೊಲೆಯ ಎರಡು ತುದಿಗಳನ್ನು ಎರಡು ಪಟ್ಟಿಗಳಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಪಟ್ಟಿ ತಿರುಗಿದಂತೆ ತೊಲೆ ನೆತ್ತಿಯ ಹಳಿಗಳ ಮೇಲೆ ಜಾರಿ, ಮೂತಿಯ ಮುಂದೆ ಇಳಿದು, ಟ್ಯಾಂಕಿನ ಅಡಿಗೆ ಹೋಗುತ್ತಿತ್ತು. ಅಡ್ಡವಾಗಿ ನಾಟಿದ ತೊಲೆಗೆ ಮಣ್ಣಿನಲ್ಲಿ ಹಿಡಿತ ಸಿಕ್ಕಿ, ಟ್ಯಾಂಕು ಅದರ ಮೇಲೆ ತನ್ನನ್ನು ತಾನೇ ಎಳೆದುಕೊಂಡು ಮೇಲೇಳುತ್ತಿತ್ತು. ಎಂಜಿನ್ನಿನ ಬಲವೂ ಅಷ್ಟೇ, ಪಟ್ಟಿಯ ಅಗಲವೂ ಅಷ್ಟೇ. ಹೆಚ್ಚಾದದ್ದು ಒಮ್ಮೆಗೆ ಒತ್ತಿ ಹಿಡಿದ ಮಣ್ಣಿನ ಪಾಲು ಮಾತ್ರ. ಇಂದಿಗೂ ಹೂತ ಚೈನ್ ಯಂತ್ರಗಳ ಪಟ್ಟಿಗೆ ದಿಮ್ಮಿ ಕಟ್ಟಿ ಮೇಲೆತ್ತುವ ಕ್ರಮ ಉಳಿದಿದೆ.

1941ರ ಅಕ್ಟೋಬರಿನಲ್ಲಿ ಮಾಸ್ಕೋ ಕಡೆಗೆ ಹೊರಟ ಜರ್ಮನ್ ಸೇನೆಗೆ ರಷ್ಯದ ಶರತ್ಕಾಲದ ಕೆಸರು ಎದುರಾಯಿತು. ಡಾಂಬರು ಕಾಣದ ದಾರಿಗಳಲ್ಲಿ ಲಾರಿಗಳು ಅಚ್ಚಿನವರೆಗೆ ಇಳಿದವು. ಜರ್ಮನ್ ಪಾಂಜರ್ 3 ಮತ್ತು 4ರ ಪಟ್ಟಿಗಳ ಅಗಲ 40 ಸೆಂಟಿಮೀಟರಿನ ಆಸುಪಾಸು. ಟಿ-34ರ ಅಗಲದ ಪಟ್ಟಿಗೆ ಅದೇ ನೆಲ ಹೆಚ್ಚು ದಾರಿ ಕೊಟ್ಟಿತು. ಮೋಟಾರು ಸೋತ ಕಡೆ ಜರ್ಮನರು ಸ್ಥಳೀಯ ರೈತರ ಹಗುರ ಕುದುರೆಗಾಡಿಗಳನ್ನೇ ಸಾಮಾನು ಸಾಗಿಸಲು ಹಿಡಿದರು. ಮುಂದಿನ ವರ್ಷಗಳಲ್ಲಿ ಪಟ್ಟಿಯ ಅಂಚಿಗೆ ತಗಡು ಸೇರಿಸಿ ಅಗಲ ಮಾಡುವ ಪ್ರಯತ್ನಗಳು ನಡೆದವು. ಅಮೆರಿಕದ ಶರ್ಮನ್ ಟ್ಯಾಂಕಿನ ಪಟ್ಟಿಗೂ ಬಾತುಕೊಕ್ಕಿನ ಆಕಾರದ ಅಂಚುಗಳನ್ನು ಜೋಡಿಸಿದರು. 57 ಟನ್ನಿನ ಜರ್ಮನ್ ಟೈಗರ್ ಟ್ಯಾಂಕಿಗೆ ಯುದ್ಧಕ್ಕೆ 72.5 ಸೆಂಟಿಮೀಟರ್ ಅಗಲದ ಪಟ್ಟಿ, ರೈಲಿನಲ್ಲಿ ಸಾಗಿಸಲು 52 ಸೆಂಟಿಮೀಟರಿನ ಬೇರೆ ಪಟ್ಟಿ ಬೇಕಾಯಿತು. ಭಾರ ಸಮನಾಗಿ ಹಂಚಿಕೆಯಾಗಲೆಂದು ಅದರ ದೊಡ್ಡ ಗಾಲಿಗಳನ್ನು ಒಂದರೊಳಗೊಂದು ಸೇರುವಂತೆ ಕೂರಿಸಿದ್ದರು. ರಾತ್ರಿಯ ಚಳಿಗೆ ಆ ಗಾಲಿಗಳ ನಡುವಿನ ಕೆಸರು ಹೆಪ್ಪುಗಟ್ಟಿ, ಬೆಳಿಗ್ಗೆ ಅವು ಅಲುಗಾಡದೆ ನಿಲ್ಲುತ್ತಿದ್ದವು. ಹೂಳದಿರಲು ಮಾಡಿದ ಏರ್ಪಾಟೇ ಮಣ್ಣು ಕೊಡವಿಕೊಳ್ಳುವ ಕೆಲಸಕ್ಕೆ ಅಡ್ಡಬಂತು.

ಯುದ್ಧದ ಈ ಅನುಭವಗಳಿಂದಲೇ ಮಣ್ಣು ಮತ್ತು ವಾಹನಗಳ ಸಂಬಂಧ ಒಂದು ಶಾಸ್ತ್ರವಾಗಿ ಬೆಳೆಯಿತು. ಪೋಲೆಂಡ್ ಮೂಲದ ಬೆಕ್ಕರ್ 1956ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಗ್ರಂಥ ಅದಕ್ಕೆ ತಳಹದಿ ಹಾಕಿತು. ಹರವು ಒಂದೇ ಆಗಿದ್ದರೂ ಗಿಡ್ಡನೆಯ ಅಗಲದ ಪಟ್ಟಿಗಿಂತ ಉದ್ದನೆಯ ಕಿರಿದು ಪಟ್ಟಿ ಮಣ್ಣನ್ನು ಕಡಿಮೆ ತಳ್ಳಿ, ಕಡಿಮೆ ಪ್ರತಿರೋಧದಲ್ಲಿ ಸಾಗುತ್ತದೆ ಎನ್ನುವುದು ಅವರ ಲೆಕ್ಕದಿಂದ ಸ್ಪಷ್ಟವಾಯಿತು. ಮಿಸಿಸಿಪ್ಪಿ ಪ್ರಾಂತ್ಯದ ವಿಕ್ಸ್‌ಬರ್ಗ್‌ನಲ್ಲಿರುವ ಅಮೆರಿಕ ಸೇನೆಯ ಪ್ರಯೋಗ ಕೇಂದ್ರ ಇನ್ನೂ ಸರಳವಾದ ದಾರಿ ಹಿಡಿಯಿತು. ಕಂಬಿಯ ತುದಿಗೆ ಸಣ್ಣ ಉಕ್ಕಿನ ಶಂಕುವನ್ನಿಟ್ಟು ಮಣ್ಣಿಗೆ ಕೈಯಿಂದ ಒತ್ತಿ, ಎಷ್ಟು ಬಲಕ್ಕೆ ಎಷ್ಟು ಇಳಿಯಿತು ಎಂದು ಓದುವುದು ಅದರ ವಿಧಾನ. ಒಂದೇ ಜಾಡಿನಲ್ಲಿ 50 ಸಲ ಹಾದುಹೋಗಲು ಪ್ರತಿ ವಾಹನಕ್ಕೂ ಬೇಕಾದ ಅಂಕಿಯನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡರೆ ಎದುರಿನ ನೆಲ ತಾಳುತ್ತದೋ ಇಲ್ಲವೋ ಎಂದು ವಾಹನ ಇಳಿಸುವ ಮುಂಚೆಯೇ ಹೇಳಬಹುದು.

ಭತ್ತದ ಗದ್ದೆಯಲ್ಲಿ ಕೆಸರು ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು. ನೀರು ನಿಲ್ಲಿಸಿ ಮತ್ತೆಮತ್ತೆ ಉತ್ತು ಕಲಸಿದ ಮಣ್ಣಿನಡಿಯಲ್ಲಿ ವರ್ಷಗಳ ಉಳುಮೆಯಿಂದ ಒಂದು ಗಟ್ಟಿ ಪದರ ಕೂಡಿಕೊಳ್ಳುತ್ತದೆ. ನೀರು ಇಂಗದಂತೆ ತಡೆಯುವುದೂ ಅದೇ, ಎತ್ತು ಮತ್ತು ಯಂತ್ರಗಳನ್ನು ಹೊರುವುದೂ ಅದೇ. ಪವರ್ ಟಿಲ್ಲರ್ ಮತ್ತು ಟ್ರ್ಯಾಕ್ಟರುಗಳಿಗೆ ಹಾಕುವ ಕೇಜ್ ವೀಲ್ ಈ ನೆಲಕ್ಕೆಂದೇ ಬಂದ ಗಾಲಿ. ಉಕ್ಕಿನ ಬಳೆಗಳ ನಡುವೆ ಓರೆಪಟ್ಟಿಗಳನ್ನು ಬೆಸೆದ ಈ ತೆರೆದ ಗಾಲಿಯಲ್ಲಿ ಕೆಸರು ಒಳಗೆ ನುಗ್ಗಿ ಹಾಗೆಯೇ ಹೊರಗೆ ಹರಿದುಹೋಗುತ್ತದೆ, ಮೆತ್ತಿಕೊಳ್ಳಲು ಜಾಗವಿಲ್ಲ. ಓರೆಪಟ್ಟಿಗಳು ಕೆಸರನ್ನು ಸೀಳಿ ಅಡಿಯ ಗಟ್ಟಿಗೆ ನಾಟಿ ಗಾಡಿಯನ್ನು ಮುಂದೊತ್ತುತ್ತವೆ, ಹೋಗುತ್ತಲೇ ಗದ್ದೆಯನ್ನು ಕಲಸುತ್ತವೆ. ಆದರೆ ಗದ್ದೆಯಿಂದ ಗದ್ದೆಗೆ ಹೋಗುವಾಗ ಇದನ್ನು ಕಳಚದೆ ಡಾಂಬರು ರಸ್ತೆಗೆ ಇಳಿಸಿದರೆ ರಸ್ತೆಯ ಮೈಯೇ ಕಿತ್ತುಬರುತ್ತದೆ.

ತುಂಗಭದ್ರಾ ನೀರು ಹರಿಯುವ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಕೊಯ್ಲಿನ ಹೊತ್ತಿಗೆ ಗದ್ದೆ ಆರಿದ್ದರೆ ಟೈರ್ ಮಿಷಿನ್ ಸಾಕು. ಕೊನೆಗಾಲದ ಮಳೆಯಿಂದ ಗದ್ದೆ ಹಸಿಯಾಗಿದ್ದರೆ ರೈತರು ಚೈನ್ ಮಿಷಿನ್ ಹುಡುಕುತ್ತಾರೆ. ಒಳಗೆ ಉಕ್ಕಿನ ತಂತಿಗಳನ್ನು ಹುದುಗಿಸಿ ಎರೆದ ಅಗಲದ ರಬ್ಬರ್ ಪಟ್ಟಿಗಳು ಯಂತ್ರವನ್ನೂ ಕೊಯ್ದ ಕಾಳನ್ನೂ ಹೊತ್ತು ಹಸಿ ಗದ್ದೆಯಲ್ಲಿ ನಡೆಯುತ್ತವೆ. ಪಟ್ಟಿ ಸವೆಯದಿರಲೆಂದು ಊರಿಂದೂರಿಗೆ ಲಾರಿಯ ಮೇಲೆ ಹೋಗಬೇಕು, ಬಾಡಿಗೆ ಹೆಚ್ಚು, ಕೆಲಸ ನಿಧಾನ. ಟೈರು ಮತ್ತು ಚೈನಿನ ನಡುವಿನ ಆಯ್ಕೆ ಎಲ್ಲ ಕಡೆಯೂ ಹೀಗೆಯೇ ಇತ್ಯರ್ಥವಾಗುತ್ತದೆ: ರಸ್ತೆಯ ಓಟ, ವೇಗ, ಕಡಿಮೆ ಖರ್ಚು ಬೇಕಾದರೆ ಟೈರು, ನೆಲವೇ ತಾಳದ ಕಡೆ ಚೈನು.

ಇಷ್ಟೆಲ್ಲ ಉಪಾಯಗಳ ಲೆಕ್ಕ ಗಾಡಿ ದಾಟಿತೇ ಇಲ್ಲವೇ ಎನ್ನುವಲ್ಲಿಗೆ ಮುಗಿಯಬಾರದು. ಹಸಿ ನೆಲದ ಮೇಲೆ ಭಾರ ಹಾಯ್ದಾಗ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿ ನೆಲ ಅದುಮಿಕೊಳ್ಳುತ್ತದೆ. ಬೇರು ಇಳಿಯದು, ನೀರು ಇಂಗದು. ಮೇಲಿನ ಪದರದ ಗಟ್ಟಿಯನ್ನು ಟೈರಿನ ಗಾಳಿ ಇಳಿಸಿ, ಪಟ್ಟಿ ಅಗಲ ಮಾಡಿ ತಪ್ಪಿಸಬಹುದು, ಆದದ್ದನ್ನು ಉತ್ತು ಸಡಿಲಿಸಬಹುದು. ನೇಗಿಲು ಮುಟ್ಟದ ಆಳದಲ್ಲಿ ಆಗುವ ಹಾನಿಯನ್ನು ತೀರ್ಮಾನಿಸುವುದು ಮುಖ್ಯವಾಗಿ ಅಚ್ಚಿನ ಮೇಲೆ ಬೀಳುವ ಒಟ್ಟು ಭಾರ; ಪಟ್ಟಿ ಎಷ್ಟೇ ಅಗಲವಿರಲಿ, ಭಾರದ ಯಂತ್ರ ಅಲ್ಲಿಗೆ ತಲುಪಿಯೇ ತಲುಪುತ್ತದೆ, ಆ ಗಟ್ಟಿ ವರ್ಷಗಟ್ಟಲೆ ಉಳಿಯುತ್ತದೆ. ಕೆಸರಿನಲ್ಲಿ ಹೂಳದೆ ನಡೆಯುವ ಯಂತ್ರ ಸಿಕ್ಕಿತೆಂದ ಮಾತ್ರಕ್ಕೆ ಹಸಿ ಹೊಲಕ್ಕೆ ಇಳಿಯುವುದು ನಿರಪಾಯವಲ್ಲ. ಹಗುರ ಯಂತ್ರ, ಮೆದು ಟೈರು ಇಲ್ಲವೇ ಅಗಲದ ಪಟ್ಟಿ, ಹೊಲದಲ್ಲಿ ಓಡಾಟಕ್ಕೆ ಗೊತ್ತಾದ ಒಂದೇ ಜಾಡು, ನೆಲ ಆರಿ ಹದಕ್ಕೆ ಬರುವ ತನಕ ತಾಳ್ಮೆ ಈ ನಾಲ್ಕೂ ಕೂಡಿದಾಗ ಗಾಡಿಯೂ ಉಳಿಯುತ್ತದೆ, ಮಣ್ಣೂ ಉಳಿಯುತ್ತದೆ.